ಬಣ್ಣ ಬಿಟ್ಟ ಜಾಗ

"ಈಗ ಹಾಕು," ಎಂದರು ಅಜ್ಜ, ಕಾರಿನ ಮುಂದೆ ಮಂಡಿಯೂರಿ.

ಚೂಟಿ ಡ್ರೈವರ್ ಸೀಟಿನ ತುದಿಯಲ್ಲಿ ಕೂತು ಲೈಟಿನ ಸ್ವಿಚ್ ಎಳೆದಳು. ಎಡಗಡೆಯ ಹೆಡ್‌ಲೈಟ್ ಹೊತ್ತಿತು. ಬಲಗಡೆಯದು ಜಪ್ಪಯ್ಯ ಎಂದರೂ ಹೊತ್ತಲಿಲ್ಲ. ಅಜ್ಜನಿಗಿಂತ ಎರಡೇ ವರ್ಷ ಚಿಕ್ಕದಾದ ಆ ಹಳೇ ಕಾರು ಅವರಿಗೆ ಕಣ್ಣು ಹೊಡೆಯುತ್ತಿದ್ದಂತೆ ಕಂಡಿತು.

ಬೇರೆ ದಿನವಾಗಿದ್ದರೆ ಚೂಟಿ ನಗುತ್ತಿದ್ದಳು. ಆದರೆ ಇವತ್ತು ಸಂಜೆ ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು. ಕಾಲಿನ ಆಪರೇಷನ್ ಆಗಿ ಮಲಗಿದ್ದ ಅಜ್ಜಿ, ಬಂದರೆ ನಮ್ಮ ಕಾರಲ್ಲೇ ಬರುವುದು ಎಂದು ಹಟ ಹಿಡಿದಿದ್ದರು. ಅವರಿಗೊಂದು ಸರ್‌ಪ್ರೈಸ್ ಇರಲಿ ಎಂದು ಅಜ್ಜ, ಮೊಮ್ಮಗಳು ಸೇರಿ ಕಾರಿಗೆ ಹಸಿರು ಬಣ್ಣ ಹಚ್ಚಿದ್ದರು. ಒಂದಿಂಚೂ ಬಿಡಬೇಡ ಎಂದು ಅಜ್ಜ ಹೇಳಿದ್ದೇ ತಡ, ಚೂಟಿ ಮೂಲೆಮೂಲೆಗೂ ನುಗ್ಗಿದ್ದಳು. ಈಗ ನೋಡಿದರೆ, ಲೈಟ್ ಸರಿಯಾಗದಿದ್ದರೆ ಟ್ಯಾಕ್ಸಿಯೇ ಗತಿ ಎನ್ನುತ್ತಿದ್ದರು ಅಜ್ಜ.

ಅಜ್ಜ ಎರಡೂ ಬಲ್ಬುಗಳನ್ನು ಅದಲುಬದಲು ಮಾಡಿದರು. ಬಲಗಡೆಯ ಬಲ್ಬು ಎಡಗಡೆಗೆ ಹೋಗಿ ಚೆನ್ನಾಗಿಯೇ ಉರಿಯಿತು. ಹಾಗಾದರೆ ಬಲ್ಬಿನ ತಪ್ಪಲ್ಲ. ಫ್ಯೂಸ್ ನೋಡಿದರು, ಅದೂ ಸಾಚಾ. ಟೆಸ್ಟ್ ಲ್ಯಾಂಪನ್ನು ವೈರಿಗೆ ಮುಟ್ಟಿಸಿದರೆ ಕರೆಂಟೂ ಬರುತ್ತಿತ್ತು.

"ಬರೋದೇನೋ ಬರ್ತಿದೆ. ವಾಪಸ್ ಹೋಗೋಕೆ ದಾರಿ ಇಲ್ವೇನೋ," ಎಂದು ಅಜ್ಜ ತಲೆ ಕೆರೆದುಕೊಂಡರು.

ಕರೆಂಟಿಗೂ ವಾಪಸ್ ಹೋಗೋ ದಾರಿ ಬೇಕಾ ಎಂದು ಚೂಟಿ ಕೇಳಿದಳು. ಬೇಕೇ ಬೇಕು, ಕಾರಿನ ಮೈಯೇ ಆ ದಾರಿ ಎಂದರು ಅಜ್ಜ. ಲೈಟಿನ ಹಿಂದಿನ ಕಪ್ಪು ವೈರನ್ನು ಮೈಗೆ ಸ್ಕ್ರೂ ಹಾಕಿ ಬಿಗಿದಿರುತ್ತಾರಂತೆ. ಅದಕ್ಕೆ ಬರೀ ತಗಡು ತಾಗಬೇಕಂತೆ. ನಡುವೆ ತುಕ್ಕೋ ಕೊಳೆಯೋ ಕೂತರೆ ದಾರಿ ಬಂದ್.

ಚೂಟಿಗೆ ಥಟ್ಟನೆ ಹೊಳೆಯಿತು. ತುಕ್ಕಲ್ಲ, ಕೊಳೆಯೂ ಅಲ್ಲ. ಆ ಸ್ಕ್ರೂ ಬಿಚ್ಚಿ, ಅದರಡಿಗೂ ಬಣ್ಣ ಬಳಿದು, ಬ್ರಷ್ ಹೋಗದ ತೂತಿಗೆ ಕಿವಿಗೆ ಹಾಕುವ ಹತ್ತಿಕಡ್ಡಿ ತೂರಿಸಿ, ಒಣಗಿದ ಮೇಲೆ ಮತ್ತೆ ತಿರುಗಿಸಿಟ್ಟವಳು ಅವಳೇ. ಸುಮ್ಮನಿದ್ದರೆ ಬೈಗುಳ ತಪ್ಪುತ್ತಿತ್ತು. ಆದರೆ ಅಜ್ಜಿ ಟ್ಯಾಕ್ಸಿಯಲ್ಲಿ ಬರಬೇಕಾಗುತ್ತಿತ್ತು.

"ಅಜ್ಜ, ಆ ಸ್ಕ್ರೂ ಕೆಳಗೂ ಬಣ್ಣ ಹಚ್ಚಿಬಿಟ್ಟಿದೀನಿ."

ಅಜ್ಜ ಅವಳನ್ನೇ ನೋಡಿದರು. ಚೂಟಿ ತಲೆ ತಗ್ಗಿಸಿದಳು.

"ಒಂದಿಂಚೂ ಬಿಡಬೇಡ ಅಂದೋನು ನಾನೇ ಅಲ್ವಾ," ಎಂದು ಅಜ್ಜ ಉಪ್ಪುಕಾಗದದ ಚೂರೊಂದನ್ನು ಅವಳ ಕೈಗಿಟ್ಟರು.

ತಾನೇ ಅಷ್ಟು ನೀಟಾಗಿ ಹಚ್ಚಿದ್ದನ್ನು ತಾನೇ ಉಜ್ಜಿ ತೆಗೆಯಲು ಅವಳಿಗೆ ಸಂಕಟವಾಯಿತು. ಹಸಿರು ಪುಡಿ ಉದುರಿ, ಕಾಸಿನಗಲ ತಗಡು ಹೊಳೆಯಿತು. ತೂತಿನೊಳಗಿನದನ್ನು ಅಜ್ಜ ಕೆರೆದು ತೆಗೆದು, ವೈರಿಟ್ಟು ಸ್ಕ್ರೂ ಬಿಗಿದರು. ಚೂಟಿ ಓಡಿಹೋಗಿ ಸ್ವಿಚ್ ಎಳೆದಳು.

ಎದುರಿನ ಗೋಡೆಯ ಮೇಲೆ ಎರಡು ಬೆಳಕು ಬಿದ್ದವು.

ಸಂಜೆ ಅಜ್ಜಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತರು. ಹೊಸ ಬಣ್ಣದ ಬಾಗಿಲನ್ನು ಮತ್ತೆ ಮತ್ತೆ ಸವರಿದರು.

"ಎಷ್ಟು ಚೆನ್ನಾಗಿ ಹಚ್ಚಿದೀಯ ಕಣೇ ಚೂಟಿ. ಎಲ್ಲೂ ಒಂಚೂರೂ ಬಿಟ್ಟಿಲ್ಲ."

ಕನ್ನಡಿಯಲ್ಲಿ ಅಜ್ಜನ ಕಣ್ಣು ನಗುತ್ತಿತ್ತು. ಕತ್ತಲಾಗುತ್ತಿದ್ದ ರಸ್ತೆಯಲ್ಲಿ ಎರಡೂ ಬೆಳಕು ಜೊತೆಜೊತೆಗೆ ಮುಂದೆ ಓಡುತ್ತಿದ್ದವು. ಚೂಟಿ ಅವನ್ನೇ ನೋಡುತ್ತಿದ್ದಳು.

"ಒಂದು ಕಡೆ ಬಿಟ್ಟಿದೀನಿ ಅಜ್ಜಿ," ಎಂದಳು.