ಕಾರಿನ ಮೂಲೆಗಳಿಗೆ ನಾಲ್ಕು ಕೊಳವೆ

ಅವನ ಕಣ್ಣನ್ನು ನಾನು ಮೊದಲು ನೋಡಿದ್ದು ಕಾರಿನ ನೆಲದ ತೂತಿನೊಳಗಿಂದ. ಜಾರಿ ಬಿದ್ದ ಬಳೆ ಹುಡುಕಲು ಹಿಂದಿನ ಸೀಟಿನ ಹತ್ತಿರ ಬಗ್ಗಿದ್ದೆ. ಕೆಳಗಿನಿಂದ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು! ಕಿಟಾರನೆ ಕಿರುಚಿದೆ.

"ಹೆದರ್ಕಬೇಡಿ ಅಮ್ಮಾವ್ರೇ, ನಾನು ಮೇಸ್ತ್ರಿ," ಅಂತು ತೂತು. "ಅಲ್ಲಿ ಮಾತ್ರ ಕಾಲು ಊರ್ಬೇಡಿ. ಊರುದ್ರೆ ಸೀದಾ ನನ್ನ ಎದೆ ಮ್ಯಾಲೇ ಬರ್ತೀರ."

ಎಷ್ಟು ಸೊಕ್ಕು! ನಾನು ಕಾಲು ಊರಲಿಲ್ಲ. ಇಳಿದು ಹೋಗಲೂ ಇಲ್ಲ.

ಅವನ ಹೆಸರು ಚನ್ನಮಲ್ಲಯ್ಯ. ತುಮಕೂರಿನ ಬಸ್ ಶೆಡ್ಡಿನಲ್ಲಿ ತಗಡಿನ ಕೆಲಸ ಕಲಿತವನು. ನಮ್ಮ ಜನವೇ, ಕೊರಳಲ್ಲಿ ಲಿಂಗವಿತ್ತು, ಬಡತನವೂ ಇತ್ತು. ಆಗ ಮಧುಗಿರಿಯಲ್ಲಿ ಕಾರು ಅಂದರೆ ಎರಡೋ ಮೂರೋ. ವರ್ಗವಾಗಿ ಹೋದ ಅಮಲ್ದಾರರಿಂದ ಅಪ್ಪಾಜಿ ಒಂದನ್ನು ಕೊಂಡಿದ್ದರು. ಅಪ್ಪಾಜಿ ಮಲ್ಲಿಕಾರ್ಜುನಯ್ಯ ಹುಣಸೆಹಣ್ಣಿನ ದೊಡ್ಡ ವ್ಯಾಪಾರಿ. ಆದರೆ ಕಾರಿನಲ್ಲಿ ಜನ ಕೂರಬೇಕು ಅನ್ನುವುದು ಮಾತ್ರ ಅವರಿಗೆ ಹೊಳೆದಿರಲಿಲ್ಲ. ಕೊರಟಗೆರೆ ತೋಪುಗಳಿಂದ ಉಪ್ಪು ಬೆರೆಸಿದ ಹಣ್ಣಿನ ಮೂಟೆಗಳನ್ನು ಅದರಲ್ಲೇ ತುಂಬಿ ತರಿಸಿದರು. ಹುಳಿಯೂ ಉಪ್ಪೂ ಸೇರಿ ನೆಲವನ್ನು ಹಪ್ಪಳ ಮಾಡಿ, ಬಾಗಿಲುಗಳ ಅಂಚನ್ನೂ ತಿಂದು ಹಾಕಿದ್ದವು.

ಅವನು ಕಾರನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ತುಕ್ಕು ಹಿಡಿದದ್ದನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸತೊಡಗಿದ. ತಗಡು ಬೆಸೆಯುವ ಮೊಳೆ, ರಿವೀಟು, ಹೊಡೆಯಲು ಇಬ್ಬರು ಬೇಕು. ಒಬ್ಬರು ಮೇಲಿನಿಂದ ರಿವೀಟಿನ ತಲೆಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗಿನಿಂದ ಬಡಿಯಬೇಕು. ನಾನು ಹಿಡಿಯುತ್ತೇನೆ ಅಂದೆ. ಜಗಲಿಯ ಮೇಲಿದ್ದ ಅಜ್ಜಿ ಕರಿಬಸಮ್ಮ ಯೋಚಿಸಿ ಅಂದಳು: "ಅವ್ಳು ಒಳಗೆ, ಅವ್ನು ಕೆಳಗೆ. ನಡುವೆ ಕಬ್ಬಿಣ ಐತಲ್ಲ, ಬುಡು."

ಪಾಪ, ಅಜ್ಜಿಗೆ ಕಬ್ಬಿಣದ ಮೇಲೆ ಅಷ್ಟು ನಂಬಿಕೆ.

"ಕೈ ನಡುಗ್ತಾ ಐತೆ ಅಮ್ಮಾವ್ರೇ."

"ನಿನ್ನ ಸುತ್ತಿಗೆ ಏಟಿಗೆ."

"ನಾನಿನ್ನೂ ಹೊಡ್ದೇ ಇಲ್ವಲ್ಲ!"

ನಾಚಿಕೆಯಿಂದ ಸತ್ತೇ ಹೋದೆ. ಕೆಳಗಿನಿಂದ ನಗು ಕೇಳಿತು. ಆಮೇಲೆ ಏಟು ಬಿತ್ತು, ಅದರ ಝುಂ ನನ್ನ ಅಂಗೈಯಿಂದ ಭುಜದವರೆಗೂ ಹತ್ತಿತು.

ತೂತುಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಕೊನೆಯದನ್ನು ಮುಚ್ಚುವ ಮುಂಚೆ ಅವನು ಅದರೊಳಗಿಂದ ಬೆರಳು ಮೇಲೆತ್ತಿದ. "ದಾಕ್ಷಾಯಣಿ, ಈ ನೆಲ ಮುಗೀಲಿ. ಸಾವ್ಕಾರ್ರತ್ರ ನಾನೇ ಮಾತಾಡ್ತೀನಿ."

ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಬೆರಳಿಗೆ ನನ್ನ ಬೆರಳು ತಾಗಿಸಿದೆ. ಅಷ್ಟೇ. ಅಷ್ಟಕ್ಕೇ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ನೆಲ ಮುಗಿಯಿತು. ಅವನು ಹೋಗಲಿಲ್ಲ. ಬಾಗಿಲು ತಟ್ಟಿ ಸರಿಮಾಡಿದ, ಬಣ್ಣ ಬಳಿದ, ಮತ್ತೆ ಬಳಿದ. ನನಗಾಗಿಯೇ ಕೆಲಸ ಎಳೆಯುತ್ತಿದ್ದಾನೆ ಅಂದುಕೊಂಡು ಹಿಗ್ಗಿದೆ. ಆ ನಡುವೆ ಶಿರಾದ ಬಸ್ ಮಾಲೀಕರು ಶಂಕರಲಿಂಗಪ್ಪನವರು ಬಂದರು. ಹುಣಸೆಹಣ್ಣಿನ ವ್ಯಾಪಾರಕ್ಕೆ ಅಂದುಕೊಂಡು ಕಾಫಿ ಕೊಟ್ಟು ಬಂದೆ.

ಒಂದು ಮಧ್ಯಾಹ್ನ ಮಜ್ಜಿಗೆ ತಂದಾಗ ಅವನು ಕಾರಿನ ನಾಲ್ಕು ಮೂಲೆಗೂ ಗೇಣುದ್ದದ ಕಬ್ಬಿಣದ ಕೊಳವೆ ಕೂರಿಸುತ್ತಿದ್ದ. ಇಂಥವನ್ನು ಕೊರಟಗೆರೆಯಲ್ಲಿ ಸೋದರತ್ತೆ ಮಗಳ ಮದುವೆಯಲ್ಲಿ ನೋಡಿದ್ದೆ. ಕೊಳವೆಗಳಿಗೆ ಬಿದಿರು ನೆಟ್ಟು, ಹೂವಿನ ಮಂಟಪ ಕಟ್ಟಿ, ಹೆಣ್ಣು ಗಂಡನ್ನು ಕಾರಿನಲ್ಲಿ ಕೂರಿಸಿ ಊರೆಲ್ಲ ಮೆರೆಸಿದ್ದರು.

ಮದುವೆಗೆ ಇದ್ದವಳು ಮನೆಯಲ್ಲಿ ನಾನೊಬ್ಬಳೇ. ಅಂದರೆ ಇವನು ಅಪ್ಪಾಜಿಗೆ ಹೇಳಿಬಿಟ್ಟಿದ್ದಾನೆ!

"ಅಪ್ಪಾಜಿ ಒಪ್ಪಿದ್ರಾ?" ಅಂದೆ.

ಅವನು ತಲೆ ಎತ್ತಲಿಲ್ಲ. "ನಾನು ಕೇಳ್ಳಿಲ್ಲ. ಇದು... ನಿನ್ನ ಶಿರಾದ ಬಸ್ಸಿನವ್ರ ಮಗನಿಗೆ ಕೊಡೋ ಮದ್ವೆಗೆ. ವೀಳ್ಯ ಕೊಟ್ಟು ನಿಶ್ಚಯ ಆಗೋಯ್ತು."

ಮಜ್ಜಿಗೆಯ ಚೊಂಬು ಕೈಯಲ್ಲೇ ಇತ್ತು. "ನಿನಗೆ ಯಾವಾಗ ಗೊತ್ತಾಯ್ತು?"

"ಈ ಕೆಲಸಕ್ಕೆ ಕರೆದಾಗ್ಲೇ ಸಾವ್ಕಾರ್ರು ಹೇಳಿದ್ರು. ಮೆರವಣಿಗೆಗೆ ನೆಲ ಗಟ್ಟಿಯಾಗ್ಬೇಕು ಅಂತ."

ಅಂದರೆ ಮೊದಲ ರಿವೀಟು ಹೊಡೆಯುವಾಗಲೇ ಗೊತ್ತಿತ್ತು. ಬೆರಳೆತ್ತಿದಾಗಲೂ ಗೊತ್ತಿತ್ತು. ನನ್ನ ಮದುವೆಯ ಕಾರಿಗೆ ನನ್ನ ಕೈಯಿಂದಲೇ ಗಟ್ಟಿ ಹಿಡಿಸಿ ನಗುತ್ತಿದ್ದ.

"ವೀಳ್ಯಕ್ಕೆ ಮುಂಚೆ ಒಂದು ಮಾತು ಅಂದಿದ್ರೆ ನಾನು ಬೇಡ ಅಂತಿದ್ನಲ್ಲೋ!"

"ಹೇಳಿದ್ರೆ ನೀನು ಬರೋದೇ ಬುಟ್ಬುಡ್ತೀಯ ಅಂತ ಭಯ ಆಯ್ತು." ಆಮೇಲೆ ನನ್ನ ಸಮಾಧಾನಕ್ಕೆಂಬಂತೆ ದನಿ ತಗ್ಗಿಸಿದ. "ಶಿರಾದವ್ರು ಅವ್ರ ಬಸ್ಸಿಗೆ ನನ್ನೇ ಮೇಸ್ತ್ರಿ ಮಾಡ್ಕೊತಾರಂತೆ. ನಾನೂ ಅದೇ ಊರಲ್ಲೇ ಇರ್ತೀನಿ. ದಿನಾ ನೋಡ್ಬೋದು."

ಬೇರೊಬ್ಬನ ಹೆಂಡತಿಯಾಗಿ ನಾನು ನೀರಿಗೆ ಹೋಗುವಾಗ ಇವನು ಬಸ್ಸಿನ ಕೆಳಗಿನಿಂದ ನೋಡುತ್ತಾನಂತೆ. ಪ್ರೀತಿಯಂತೆ! ಚೊಂಬನ್ನು ಅಲ್ಲೇ ನೆಲಕ್ಕೆ ಕುಕ್ಕಿದೆ.

ಅಷ್ಟರಲ್ಲಿ ಅಪ್ಪಾಜಿ ಮಂಡಿಯಿಂದ ಬಂದರು. ಅವರ ಕೆಮ್ಮು ಕೇಳಿದ್ದೇ ತಡ, ಅವನು ಸುತ್ತಿಗೆ ಹಿಡಿದು ಕಾರಿನ ಕೆಳಗೆ ಸರಿದು ಬಡಿಯತೊಡಗಿದ.

"ಯಾಕವ್ವಾ, ಕಣ್ಣು ಕೆಂಪಗವೆ?"

"ವೀಳ್ಯ ಕೊಡೋ ಮುಂಚೆ ನನ್ನ ಒಂದು ಮಾತು ಕೇಳ್ಬಾರದಿತ್ತಾ ಅಪ್ಪಾಜಿ?"

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೇಟ ತೆಗೆದು ಜಗಲಿಯ ಮೇಲೆ ಕೂತರು. "ಹೋದ ವರ್ಷ ಮೊದಲೇ ಬಾಯಿಬಿಟ್ಟು ಪಾವಗಡದ ಸಂಬಂಧ ತಪ್ಪೋಯ್ತು. ಅದಕ್ಕೇ ಈ ಸಲ ನಿಮ್ಮಜ್ಜಿ ಸುಮ್ನಿರು ಅಂದ್ಲು. ತಪ್ಪಾಯ್ತು ಕಣವ್ವ." ನನ್ನನ್ನು ಹತ್ತಿರ ಕೂರಿಸಿಕೊಂಡರು. "ಮನಸಲ್ಲಿ ಯಾರಾದ್ರೂ ಇದ್ರೆ ಈಗ್ಲೇ ಹೇಳ್ಬುಡು. ನಮ್ಮ ಜನದ ನೆಟ್ಟಗಿನ ಹುಡುಗ ಆದ್ರೆ ಸಾಕು, ಬಡವನಾದ್ರೂ ಚಿಂತೆಯಿಲ್ಲ. ನಾನೇ ಶಿರಾಕ್ಕೋಗಿ ಕೈಮುಗ್ದು ವೀಳ್ಯ ವಾಪಸ್ ತತ್ತೀನಿ."

ಕಾರು ನಿಂತಿದ್ದದ್ದು ಜಗಲಿಯ ಎದುರಿಗೇ. ಅಪ್ಪಾಜಿಯ ಒಂದೊಂದು ಮಾತೂ ಅಲ್ಲಿಗೆ ಕೇಳುತ್ತಿತ್ತು. ಸುತ್ತಿಗೆ ನಿಂತಿತು.

ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಕೂಡದು, ಅವನೇ ಎದ್ದು ಬರಬೇಕು ಅಂತ ಹಠ ಹಿಡಿದೆ. ಮಾತಾಡುತ್ತೇನೆ ಅಂದವನು ಅವನಲ್ಲವೇ? ಕಾರಿನ ಕೆಳಗಿಂದ ಚಾಚಿದ್ದ ಎರಡು ಕಾಲುಗಳನ್ನೇ ನೋಡುತ್ತ ಕೂತೆ. ಬಾರೋ, ಈಗಲಾದರೂ ಬಾ. ಬಂದರೆ ಎಲ್ಲ ಮರೆತುಬಿಡುತ್ತೇನೆ.

ಕಾಲುಗಳು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸುತ್ತಿಗೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಯಾರವ್ವಾ?" ಅಂದರು ಅಪ್ಪಾಜಿ.

"ಯಾರೂ ಇಲ್ಲ ಅಪ್ಪಾಜಿ."

ಅದು ಸುಳ್ಳಲ್ಲ ಅಂತ ಹೇಳುವಾಗಲೇ ಗೊತ್ತಾಯಿತು. ಅಪ್ಪಾಜಿ ಸಮಾಧಾನದಿಂದ ನನ್ನ ತಲೆ ಸವರಿದರು. ನಾನು ಎದ್ದು ಒಳಗೆ ಹೋಗಿ, ಶಿರಾದ ಹುಡುಗನ ಹೆಸರೇನು ಅಂತ ಅಜ್ಜಿಯನ್ನು ಕೇಳಿದೆ.