ಕಿಡಿ ಹಾರದ ಕಾರು

"ಹೋದ ವಾರ ಪಟಪಟ ಅಂತ ಹಾರ್ತಿದ್ದ ಕಿಡಿ ಈಗ ಎಲ್ಲಿ ಹೋಗಿ ಸತ್ತಿತು?"

ಅಪ್ಪ ಹೀಗೆ ಕೇಳಿದ್ದು ಯಾರನ್ನೂ ಅಲ್ಲ. ಅವನ ತಲೆ ಕಾರಿನ ಬಾನೆಟ್ಟಿನ ಕೆಳಗಿತ್ತು. ಉತ್ತರ ಕೊಡಬೇಕಾದ ಇಂಜಿನ್ ತೆಪ್ಪಗಿತ್ತು.

ಪಕ್ಕದಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ನಟ್ಟು ನಿಂತಿದ್ದಳು. ಅದು ಅವಳ ನಿಜವಾದ ಹೆಸರಲ್ಲ. ಶೆಡ್ಡಿನಲ್ಲಿ ಎಂಥ ಸಂದಿಗೆ ನಟ್ಟು ಬಿದ್ದರೂ ಸಣ್ಣ ಬೆರಳು ತೂರಿಸಿ ಹೆಕ್ಕಿ ಕೊಡುತ್ತಾಳೆಂದು ಚಿಕ್ಕಪ್ಪ ಇಟ್ಟ ಹೆಸರು. ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ ಬಂದವಳು ಇನ್ನೂ ಯೂನಿಫಾರ್ಮ್ ಕೂಡ ಬದಲಾಯಿಸಿರಲಿಲ್ಲ.

ಕಾರು ಅಜ್ಜನ ಕಾಲದ್ದು. ಅಪ್ಪನೂ ಚಿಕ್ಕಪ್ಪನೂ ಎರಡು ವರ್ಷ ಬೆವರು ಸುರಿಸಿ ಅದಕ್ಕೆ ಮರುಜನ್ಮ ಕೊಟ್ಟಿದ್ದರು. ತುಕ್ಕು ಕೆರೆದು, ತಗ್ಗು ತಟ್ಟಿ, ಪೇಂಟ್ ಹೊಡೆಯುವ ಮೈಯ ಕೆಲಸವೆಲ್ಲ ಅಪ್ಪನದು. ಜೀವದ ಕೆಲಸ ಚಿಕ್ಕಪ್ಪನದು. ಇಂಜಿನ್ನಿಗೆ ಹೆಚ್ಚು ಗಾಳಿ ಊದುವ, ಬಸವನಹುಳುವಿನಂತೆ ಸುತ್ತಿಕೊಂಡ ಟರ್ಬೊ ಕೂರಿಸಿದವನು ಅವನೇ. ಪೆಟ್ರೋಲಿಗೆ ಕಿಡಿ ತಾಗಿಸುವ ಹಳೆಯ ಏರ್ಪಾಟು ಕಿತ್ತು, ಅಂಗೈ ಅಗಲದ ಎಲೆಕ್ಟ್ರಾನಿಕ್ ಡಬ್ಬಿ ಹಾಕಿದವನೂ ಅವನೇ. ನಾಳೆ ಬೆಳಗ್ಗೆ ಹಳೇ ಕಾರುಗಳ ಬೆಟ್ಟ ಹತ್ತುವ ರೇಸು. ಓಡಿಸುವವನು ಚಿಕ್ಕಪ್ಪ.

"ಅಣ್ಣ, ಸ್ವಲ್ಪ ಜರುಗು. ಮೀಟರ್ ಇಟ್ಟು ಕರೆಂಟ್ ಬರ್ತಿದ್ಯಾ ನೋಡ್ತೀನಿ," ಎಂದ ಚಿಕ್ಕಪ್ಪ. "ಡಬ್ಬಿ ಹತ್ರ ನೀನೇನಾದ್ರೂ ಮುಟ್ಟಿದ್ಯಾ?"

ಅಷ್ಟೇ ಸಾಕಾಯಿತು.

"ನಾನಾ? ನಿನ್ನ ಒಂದು ವೈರಿನ ಗೋಜಿಗೂ ನಾನು ಹೋಗಿಲ್ಲ! ಒರೆಸಿ ಒಪ್ಪ ಮಾಡಿದೆ, ಅಷ್ಟೇ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!"

"ಕೇಳಿದೆ ಅಷ್ಟೇ ಅಣ್ಣ…"

"ನೀನೇನೂ ಕೇಳ್ಬೇಡ! ಈ ಹಾಳು ಡಬ್ಬಿ ಇಲ್ಲದೆ ನಲವತ್ತು ವರ್ಷ ಓಡಿದ ಕಾರಿದು. ಚಿಕ್ಕಂದಿನಿಂದ ನಿಂದು ಇದೇ ಕತೆ. ಮುಟ್ಟಿದ್ದೆಲ್ಲ ಮಣ್ಣು!" ಅಪ್ಪ ಅವನ ಕೈಯಿಂದ ಮೀಟರ್ ಕಿತ್ತುಕೊಂಡ. "ನಡಿ ಆಚೆ!"

ಚಿಕ್ಕಪ್ಪನ ಕಿವಿ ಕೆಂಪಾಯಿತು. "ಆಯ್ತು. ನಾಳೆ ನೀನೇ ಓಡಿಸ್ಕೋ," ಎಂದವನೇ ರಸ್ತೆ ದಾಟಿ ಎದುರಿನ ಟೈರ್ ಅಂಗಡಿಗೆ ಹೋದ. ಒಂದರ ಮೇಲೊಂದು ಪೇರಿಸಿದ್ದ ಟೈರುಗಳ ಮೇಲೆ ಈ ಕಡೆ ಬೆನ್ನು ಹಾಕಿ ಕುಳಿತುಬಿಟ್ಟ.

ಶೆಡ್ಡಿನ ಹಿಂದಿನ ಕಿಟಕಿಯಿಂದ ಅಜ್ಜಿಯ ದನಿ ಬಂತು. "ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಅಂಟಲ್ಲ ಕಣೋ!"

"ಅಮ್ಮ, ನೀನು ಸುಮ್ನಿರು!"

"ನಾನು ಸುಮ್ನೇ ಇದ್ದೀನಪ್ಪ. ನಿನ್ನ ಕಾರೂ ಸುಮ್ನೇ ಇದೆ. ಅರಚ್ತಿರೋನು ನೀನೊಬ್ಬನೇ."

ನಟ್ಟುವಿಗೆ ನಗು ಬರಲಿಲ್ಲ. ರಸ್ತೆಯಾಚೆಯ ಚಿಕ್ಕಪ್ಪನ ಬೆನ್ನನ್ನೇ ನೋಡುತ್ತಿದ್ದಳು.

ಇಂಜಿನ್ ಹೊತ್ತಿಕೊಳ್ಳದಂತೆ ಅಪ್ಪ ಪೆಟ್ರೋಲ್ ಬಂದ್ ಮಾಡಿದ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಇಂಜಿನ್ನಿನ ಮೇಲೆ ಮಲಗಿಸಿದ. ಕೀ ತಿರುಗಿಸಿದಾಗ ಅದರ ತುದಿಯಲ್ಲಿ ನೀಲಿ ಕಿಡಿ ಹಾರಬೇಕು.

"ಕೈ ದೂರ ಇಟ್ಕೊಂಡು ನೋಡು," ಎಂದು ಸೀಟಿನಲ್ಲಿ ಕೂತ. "ಬಂತಾ?"

"ಇಲ್ಲ."

ಪ್ಲಗ್ ಬದಲಿಸಿದ. "ಬಂತಾ?"

"ಇಲ್ಲ."

ಕಿಡಿಗೆ ಬಲ ಕೊಡುವ ಕಾಯಿಲ್ ಬದಲಿಸಿದ. "ಈಗ?"

"ಇಲ್ಲ ಅಂದ್ನಲ್ಲಪ್ಪ! ಚಿಕ್ಕಪ್ಪ ನೋಡ್ತೀನಿ ಅಂದ, ನೀನೇ ಬಿಡ್ಲಿಲ್ಲ."

"ನಿನ್ನನ್ನ ಕೇಳಿದ್ನಾ? ಈ ಸ್ಪ್ಯಾನರ್ ಹಿಡ್ಕೊಂಡು ಬಾಯಿ ಮುಚ್ಕೊಂಡು ನಿಂತ್ಕೋ!"

ಅಪ್ಪ ಅತ್ತ ತಿರುಗಿದ್ದೇ ತಡ, ನಟ್ಟು ಸ್ಪ್ಯಾನರನ್ನು ಠಣ್ ಎಂದು ಇಂಜಿನ್ನಿನ ಮೇಲೆ ಕುಕ್ಕಿದಳು. ಅದು ಜಾರಿ, ಒಂದು ತುದಿ ಎಲೆಕ್ಟ್ರಾನಿಕ್ ಡಬ್ಬಿಯ ಮೇಲೂ ಇನ್ನೊಂದು ತುದಿ ಪಕ್ಕದ ದಪ್ಪ ಬೋಲ್ಟಿನ ಮೇಲೂ ಸೇತುವೆಯಂತೆ ಕೂತಿತು.

ಅಪ್ಪ ಮತ್ತೆ ಕೀ ತಿರುಗಿಸಿದ.

ಚಟ್! ಚಟ್! ಚಟ್!

"ಬಂತು! ಅಪ್ಪ, ಬಂತು!"

ಅಪ್ಪ ಎದ್ದು ಓಡಿ ಬಂದ. ಬಂದವನ ಕಣ್ಣು ಮೊದಲು ಬಿದ್ದದ್ದು ಸ್ಪ್ಯಾನರಿನ ಮೇಲೆ. ಯಾವ ಸಾಮಾನೂ ತನ್ನ ಮೊಳೆ ಬಿಟ್ಟು ಬೇರೆ ಕಡೆ ಇರುವುದನ್ನು ಅವನು ಸಹಿಸುತ್ತಿರಲಿಲ್ಲ. "ಇಂಜಿನ್ ಮೇಲೆ ಏನೂ ಇಡಬಾರದು ಅಂತ ಎಷ್ಟು ಸಲ ಹೇಳೋದು?" ಎಂದು ಗದರಿ, ಅದನ್ನು ಗೋಡೆಯ ಮೊಳೆಗೆ ನೇತುಹಾಕಿ, ಹೋಗಿ ಕೀ ತಿರುಗಿಸಿದ.

"ಇಲ್ಲ," ಎಂದಳು ನಟ್ಟು.

"ಈಗ ತಾನೇ ಬಂತು ಅಂದೆ!"

"ಈಗ ತಾನೇ ಬಂದಿತ್ತು!"

"ಆಟ ಆಡ್ತಿದ್ದೀಯಾ ನನ್ನ ಹತ್ರ?"

ನಟ್ಟು ಇಂಜಿನ್ ನೋಡಿದಳು, ಗೋಡೆ ನೋಡಿದಳು. ಕೆಳಗೆ ಹಾರಿ, ಸ್ಪ್ಯಾನರ್ ತಂದು, ಮೊದಲಿದ್ದ ಹಾಗೆಯೇ ಡಬ್ಬಿಗೂ ಬೋಲ್ಟಿಗೂ ಅಡ್ಡ ಇಟ್ಟಳು.

"ಕೀ ತಿರುಗಿಸು."

ಚಟ್! ಚಟ್!

ಕೀ ಆಫ್ ಮಾಡಿಸಿ ತೆಗೆದಳು. ತಿರುಗಿಸಿದರೆ ಕಿಡಿಯಿಲ್ಲ. ಮೂರು ಸಲ ಇಟ್ಟಳು, ಮೂರು ಸಲ ತೆಗೆದಳು. ಮೂರನೆಯ ಸಲ ಅಪ್ಪ ತಾನೇ ಬಂದು ಡಬ್ಬಿಯ ಸ್ಕ್ರೂ ಬಿಚ್ಚಿದ.

ಡಬ್ಬಿಯ ಕೆಳಗೆ ಕಪ್ಪು ಪೇಂಟು ಮುಖ ಕಾಣುವಷ್ಟು ಥಳಥಳ ಹೊಳೆಯುತ್ತಿತ್ತು.

ಆ ಜಾಗ ನಟ್ಟುವಿಗೆ ಗೊತ್ತು. ಚಿಕ್ಕಪ್ಪ ಅದನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ. "ಕರೆಂಟು ಡಬ್ಬಿಯ ಮೈಯಿಂದ ಕಾರಿನ ಮೈಗೆ ಇಳಿದು ಬ್ಯಾಟರಿಗೆ ವಾಪಸ್ ಹೋಗ್ಬೇಕು ನಟ್ಟು. ಹೊರಗೆ ಹೋದವನಿಗೆ ಮನೆಗೆ ಬರೋ ದಾರಿ ಬೇಡ್ವಾ?" ಎಂದಿದ್ದ. ಹೋದ ಭಾನುವಾರ ಅವನಿಲ್ಲದಾಗ ಅಪ್ಪ ಇಂಜಿನ್ ಸುತ್ತಲೂ ಪೇಂಟ್ ಹೊಡೆದ. ಡಬ್ಬಿ ಬಿಚ್ಚಿ, "ಏನಿದು, ಹೊಸ ಅಂಗಿಗೆ ತೇಪೆ ಹಾಕಿದ ಹಾಗೆ!" ಎಂದು ಅಲ್ಲಿಗೂ ಎರಡು ಸಲ ಹೊಡೆದ. ಪೇಂಟ್ ಸಿಡಿಯದಂತೆ ಪೇಪರ್ ಹಿಡಿದು ನಿಂತವಳು ನಟ್ಟುವೇ. ಇಬ್ಬರಿಗೂ ಚೆಂದ ಕಂಡಿತ್ತು. ಆ ಪೇಂಟೇ ಕರೆಂಟಿನ ದಾರಿ ಮುಚ್ಚಿತ್ತು; ಸ್ಪ್ಯಾನರ್ ಸೇತುವೆಯಾಗಿ ಅದನ್ನು ದಾಟಿಸಿತ್ತು.

ಅಪ್ಪ ಮರಳುಕಾಗದ ತೆಗೆದುಕೊಂಡು ಉಜ್ಜತೊಡಗಿದ. ಕಪ್ಪು ಪುಡಿ ಉದುರಿ ಬಿಳಿ ಕಬ್ಬಿಣ ಕಂಡಿತು. ಡಬ್ಬಿ ಕೂರಿಸಿದ. ಪ್ಲಗ್ ಹಾಕಿದ. ಪೆಟ್ರೋಲ್ ಬಿಟ್ಟ.

ಕಾರು ಒಂದೇ ಏಟಿಗೆ ಗುಡುಗಿತು. ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಸುಯ್ ಎಂದು ಶಿಳ್ಳೆ ಹಾಕಿತು. ರಸ್ತೆಯಾಚೆ ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು. ಆದರೆ ಅವನು ತಿರುಗಲಿಲ್ಲ.

ಅಪ್ಪ ಕಾರು ಆಫ್ ಮಾಡಿ ಇಳಿದು ಬಂದ. ಬಟ್ಟೆಯಲ್ಲಿ ಕೈ ಒರೆಸುತ್ತಲೇ ನಿಂತ.

"ಹೋಗಿ ಚಿಕ್ಕಪ್ಪನ್ನ ಕರಿ."

ನಟ್ಟು ಬಾಣದಂತೆ ಹೊರಟಳು.

"ಏ, ನಿಲ್ಲು. ಏನಾಗಿತ್ತು ಅಂತ ಕೇಳಿದ್ರೆ, ಡಬ್ಬಿ ಸ್ಕ್ರೂ ಲೂಸ್ ಆಗಿತ್ತು ಅನ್ನು. ಪೇಂಟಿನ ಮಾತು ಎತ್ತಬೇಡ."

ಅವಳ ಕಾಲು ಬಾಗಿಲಲ್ಲೇ ನಿಂತಿತು. ಆ ಡಬ್ಬಿ ಚಿಕ್ಕಪ್ಪನದು. ಸ್ಕ್ರೂ ಲೂಸ್ ಎಂದರೆ ತಪ್ಪೂ ಚಿಕ್ಕಪ್ಪನದೇ ಆಗುತ್ತದೆ.

ತಿರುಗಿ ಅಪ್ಪನನ್ನು ನೋಡಿದಳು. ಇಡೀ ಬೀದಿಗೆ ಕೇಳಿದ ದನಿ ಈಗ ಅಜ್ಜಿಯ ಕಿಟಕಿಗೂ ಕೇಳದಷ್ಟು ಸಣ್ಣಗಾಗಿತ್ತು. ಅವನು ಒರೆಸುತ್ತಿದ್ದ ಬೆರಳುಗಳು ಆಗಲೇ ಚೊಕ್ಕಟವಾಗಿದ್ದವು. ಹೋಂವರ್ಕ್ ಮಾಡದ ದಿನ ಮಿಸ್ ಎದುರು ತಾನೂ ಹೀಗೆಯೇ ಬೆರಳು ಉಜ್ಜುತ್ತಾ ನಿಲ್ಲುವುದು ಅವಳಿಗೆ ನೆನಪಾಯಿತು. ಅವಳ ಸಿಟ್ಟು ಮೆಲ್ಲಗೆ ಇಳಿಯಿತು. ಕಾಲು ಮಾತ್ರ ಕದಲಲಿಲ್ಲ.

"ಹೋಗು ನಟ್ಟು. ನನ್ನ ಚಿನ್ನ ಅಲ್ವಾ?"

"ಇಲ್ಲಪ್ಪ," ಎಂದಳು ನಟ್ಟು. "ನಾನು ಹಾಗೆ ಹೇಳಲ್ಲ."