ಅವಳು ಹಿಡಿದಿಟ್ಟ ಕುರ್ಚಿ

ಜಪಾನಿನ ಕೊಚಿ ಊರಿನ ಆ ಸಮುದಾಯ ಭವನದಲ್ಲಿ ನಾನು ಹೆಸರು ಬರೆದ ಕೂಡಲೇ, ಬಾರ್ಲಿ ಚಹಾ ಬಗ್ಗಿಸುತ್ತಿದ್ದ ಒಕಬಯಾಶಿ ಅಜ್ಜಿ ತಲೆಯೆತ್ತಿ ನೋಡಿದರು.

"ಕುಮೊನ್ ಶಿಗೆಕಿ? ಅಯ್ಯೋ, ನೀನು ನಮ್ಮ ಇಕುಯೊ ಗಂಡ ಅಲ್ವೇನಪ್ಪಾ?"

ನನಗೆ ಮೈ ಉರಿಯಿತು. ಅದು ಕುಡಿತ ಬಿಡುವವರ ಸಂಘ. ಆಸ್ಪತ್ರೆಯ ನರ್ಸ್ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಿದ್ದಳು. ಎರಡು ಭಾನುವಾರ ಬಾಗಿಲವರೆಗೂ ಬಂದು ಹಿಂದಿರುಗಿದ್ದೆ. ಮೂರನೆಯ ಸಲ, ಧೈರ್ಯಕ್ಕೆಂದು ಒಂದು ಗುಟುಕು ಹಾಕಿಕೊಂಡೇ ಒಳಗೆ ಕಾಲಿಟ್ಟರೆ, ಇಲ್ಲಿ ನನ್ನ ಮಾನ ಆಗಲೇ ಹರಾಜಾಗಿತ್ತು.

"ಈಗ ಹೆಂಡತಿ ಅಲ್ಲ, ಬಿಟ್ಟು ಐದು ತಿಂಗಳಾಯ್ತು. ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ ಅಂತಾಯ್ತು."

"ಡಂಗುರ ಏನಿಲ್ಲ. ಇಲ್ಲಿಗೆ ಮನೆಯವರೂ ಬರ್ತಾರೆ. ಎರಡು ವರ್ಷ ಒಂದು ಭಾನುವಾರಾನೂ ತಪ್ಪಿಸಲಿಲ್ಲ ಆ ಹುಡುಗಿ. ಕೂತ್ಕೊ, ಚಹಾ ಆರತ್ತೆ."

ಆ ಎರಡು ವರ್ಷ ಭಾನುವಾರ ಮಧ್ಯಾಹ್ನವೆಲ್ಲ ಅವಳು ಹಾಡಿನ ಕ್ಲಾಸಿಗೆ ಹೋಗುತ್ತೇನೆ ಅನ್ನುತ್ತಿದ್ದಳು. ನಾನು ಬಾಟಲಿ ಪಕ್ಕದಲ್ಲಿಟ್ಟುಕೊಂಡು ರೇಗಿಸುತ್ತಿದ್ದೆ: "ಏನೇ, ಇಷ್ಟು ದಿನಕ್ಕೆ ಒಂದು ಹಾಡೂ ಬರಲಿಲ್ವಾ?" ಅವಳು ಚಪ್ಪಲಿ ಬಿಡುತ್ತಾ, ಓರೆಗಣ್ಣಿನಿಂದ ಮೊದಲು ಬಾಟಲಿಯನ್ನು, ಆಮೇಲೆ ನನ್ನನ್ನು ನೋಡಿ, "ನಂಗೆ ತಲೆ ಸಾಲದು ರೀ" ಎಂದು ನಗುತ್ತಿದ್ದಳು. ಆ ನಗು ನನಗೆ ಮುದ್ದಾಗಿ ಕಾಣುತ್ತಿತ್ತು. ಅದರ ಹಿಂದೆ ಏನಿದೆಯೆಂದು ಒಮ್ಮೆಯೂ ಕೇಳಲಿಲ್ಲ.

"ನನ್ನ ಬಗ್ಗೆ ಏನು ಹೇಳ್ತಿದ್ಲು?" ಎಂದೆ.

ಒಕಬಯಾಶಿ ಅಜ್ಜಿ ತಲೆಯಾಡಿಸಿದರು. "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗ್ಬೇಕು. ಬೇಕಿದ್ರೆ ಅವಳನ್ನೇ ಕೇಳು. ಈ ಬಾಯಿ ವಾಸನೆ ಇಟ್ಕೊಂಡು ಮಾತ್ರ ಹೋಗ್ಬೇಡ."

ಅವಳನ್ನು ಕೇಳಬೇಕೆಂಬ ಆಸೆಗೇ ಕುಡಿತ ಬಿಟ್ಟೆ ಅಂದರೆ ಸುಳ್ಳಲ್ಲ. ಆ ಕೋಣೆಯಲ್ಲಿ ಒಬ್ಬರು ಮಾತಾಡಿದರೆ ಉಳಿದವರು ಸುಮ್ಮನೆ ಕೇಳುತ್ತಾರೆ. ಪ್ರಶ್ನೆ ಇಲ್ಲ, ಬುದ್ಧಿವಾದ ಇಲ್ಲ. ಎರಡನೆಯ ತಿಂಗಳಲ್ಲಿ ಒಮ್ಮೆ ನಾನು ಕಾಲು ಜಾರಿದೆ. ಬಂದರಿನಲ್ಲಿ ದೋಣಿಯ ಎಂಜಿನ್ ರಿಪೇರಿ ಮುಗಿಸಿ, ಜೊತೆಯವರು ಕೊಟ್ಟ ಲೋಟ ಹಿಡಿದುಬಿಟ್ಟೆ. ಮುಂದಿನ ಭಾನುವಾರ ಎದ್ದು ನಿಂತು ಅದನ್ನೇ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಬಹುಶಃ ಮತ್ತೆ ಹೋಗುತ್ತಿರಲಿಲ್ಲ.

ಅಲ್ಲಿಂದ ಎಣಿಸಿ ಒಂದು ವರ್ಷವಾಗುವ ವಾರ, ಅವಳು ಅಡುಗೆ ಮಾಡುವ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತೆ. ಬಿಳಿ ಟೋಪಿ ಕಳಚುತ್ತಾ ಬಂದವಳು ನನ್ನನ್ನು ಕಂಡು ತಟ್ಟನೆ ನಿಂತಳು. ಮೊದಲು ನೋಡಿದ್ದು ನನ್ನ ಕೈಗಳನ್ನು. ನಡುಗುತ್ತಿರಲಿಲ್ಲ.

"ದಪ್ಪ ಆಗಿದೀರಿ," ಅಂದಳು.

"ಸಿಹಿ ತಿಂತೀನಿ. ಬಿಟ್ಟವರೆಲ್ಲ ತಿಂತಾರಂತೆ."

"ಅದು ನಿಮಗೆ ಯಾರು..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು. ಕಣ್ಣುಗಳು ಅರಳಿದವು. "ಅಲ್ಲಿಗೆ ಹೋದ್ರಾ?"

"ಹೋದೆ. ಕುಡಿತ ಬಿಟ್ಟು ಈ ಭಾನುವಾರಕ್ಕೆ ವರ್ಷ. ಒಂದೇ ಸಲ ಬಾ ಇಕುಯೊ."

ಅವಳು ಟೋಪಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಮುಂದಿನ ತಿಂಗಳು ಅಕ್ಕನ ಬೇಕರಿಗೆ ಹೋಗ್ತಿದೀನಿ, ಮತ್ಸುಯಾಮಕ್ಕೆ. ಅಲ್ಲೇ ಇರೋದು ಇನ್ನು." ಟೋಪಿಯನ್ನು ಚೀಲಕ್ಕೆ ಹಾಕಿ ಅಂದಳು, "ಬರ್ತೀನಿ. ಒಂದೇ ಸಲ."

ಬಂದಳು. ನನ್ನ ಸರದಿ ಮುಗಿದ ಮೇಲೆ ಎದ್ದು ನಿಂತಳು. ನನ್ನ ಕಡೆ ನೋಡದೆ ಮಾತಾಡಿದಳು.

"ಇಲ್ಲಿ ಕೂತಾಗ ಪಕ್ಕದ ಕುರ್ಚಿ ಮೇಲೆ ನನ್ನ ಚೀಲ ಇಡ್ತಿದ್ದೆ. ಯಾರಾದ್ರೂ ಕೇಳಿದ್ರೆ, ಒಬ್ಬರು ಬರೋರಿದಾರೆ ಅಂತಿದ್ದೆ. ಹಾಡಿನ ಕ್ಲಾಸು ಅಂತ ಸುಳ್ಳು ಹೇಳಿದ್ದೆ. ನಿಜ ಹೇಳಿದ್ರೆ ಇವರು ಬರಲ್ಲ ಅಂದುಬಿಡ್ತಾರಲ್ಲ, ಆ ಭಯ. ಒಂದಿನ ಹೊಸಬರೊಬ್ಬರು ಜಾಗ ಸಿಗದೆ ನಿಂತಿದ್ರು. ಚೀಲ ತೆಗೆದು ತೊಡೆ ಮೇಲಿಟ್ಕೊಂಡೆ. ಮಾರನೇ ದಿನ ವಿಚ್ಛೇದನದ ಕಾಗದ ತಂದೆ."

ಆ ಕಾಗದಕ್ಕೆ ನಾನು ಅಮಲಿನಲ್ಲೇ ಸಹಿಯ ಬದಲು ನನ್ನ ಹೆಸರಿನ ಮುದ್ರೆಯನ್ನು ಸೊಟ್ಟಗೆ ಒತ್ತಿದ್ದೆ.

"ಇವರ ಮೇಲೆ ಪ್ರೀತಿ ಹೋಗಿಲ್ಲ. ಆದ್ರೆ ಈಗ್ಲೂ ಯಾರಾದ್ರೂ ಸೋಯಾ ಸಾಸಿನ ಮುಚ್ಚಳ ತಿರುಗಿಸಿದ್ರೂ, ಇವರ ಬಾಟಲಿ ಸದ್ದೇ ಅನ್ನಿಸಿ ನನ್ನೆದೆ ಝಲ್ ಅನ್ನತ್ತೆ. ಹಗಲೂ ರಾತ್ರಿ ಕಿವಿ ಕೊಟ್ಕೊಂಡು ಬದುಕಕ್ಕೆ ಇನ್ನು ನನ್ನ ಕೈಲಾಗಲ್ಲ. ಇನ್ನೊಂದು ವರ್ಷ ಆ ಕುರ್ಚಿ ಬಿಟ್ಟುಕೊಡದೆ ಇರ್ಬೇಕಿತ್ತೇನೋ. ಅದು ನನ್ನ ಕೊರಗು."

ಹೋಗಬೇಡ, ನಿಲ್ಲು ಎಂದು ಕೂಗಬೇಕೆನಿಸಿತು. ಅಲ್ಲಿ ಯಾರೂ ಯಾರಿಗೂ ಉತ್ತರಿಸುವಂತಿಲ್ಲ. ತುಟಿ ಕಚ್ಚಿಕೊಂಡು ಪೂರ್ತಿ ಕೇಳಿದೆ.

ಟ್ರಾಮ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆವು. ಅವಳು ನನ್ನ ಕಾಲರ್ ಸರಿ ಮಾಡಿದಳು. "ಈಗ ಹೊರಗಿದೀವಿ. ಏನಾದ್ರೂ ಹೇಳೋದಿದ್ರೆ ಹೇಳಿ."

ಹೇಳಲು ಎಷ್ಟೋ ಇತ್ತು. "ಹದಿನೆಂಟು ವರ್ಷ ಒಂದೇ ಮನೇಲಿದ್ವಿ. ನೀನು ಮಾತಾಡಿದ್ದನ್ನ ಕೊನೇವರೆಗೂ ಕೇಳಿದ್ದು ಇವತ್ತೇ ಮೊದಲು," ಎಂದೆ.

ಕಣ್ಣು ತುಂಬಿಕೊಂಡೇ ನಕ್ಕಳು. "ಚೆನ್ನಾಗಿ ಮಾತಾಡಿದ್ನಾ?"

"ತುಂಬಾ."

ಟ್ರಾಮ್ ಬಂತು. ಅವಳು ಹತ್ತಿ ನನ್ನ ಕಡೆಯ ಕಿಟಕಿಗೇ ಬಂದು ನಿಂತಳು. ಟ್ರಾಮ್ ಸೇತುವೆ ದಾಟುವವರೆಗೂ ಇಬ್ಬರೂ ಕೈ ಎತ್ತಲಿಲ್ಲ. ಎತ್ತಿದರೆ ಅದು ವಿದಾಯವಾಗಿಬಿಡುತ್ತಿತ್ತು.

ನಾನು ಭವನಕ್ಕೆ ಹಿಂದಿರುಗಿದೆ. ಅವತ್ತು ಪಾತ್ರೆ ತೊಳೆಯುವ ಸರದಿ ನನ್ನದು. ಅಜ್ಜಿ ನನ್ನ ಮುಖ ನೋಡಿದರು. ಒಂದು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತರು. ನಾನು ತೊಳೆಯುತ್ತಾ ಹೋದೆ, ಅವರು ಒರೆಸುತ್ತಾ ಹೋದರು.